ಖಾಲಿ ಚೀಲದ ತೂಕ

ಪ್ರೀತಿಯ ಅರ್ಧಪೂಜೆ ಅಂತೋಣಿ,

ನೀನು ಬೆಂಗಳೂರಿಂದ ಕಳಿಸಿದ ಪ್ರಶ್ನೆಗೆ ವಾಟ್ಸ್ಯಾಪಿನಲ್ಲಿ ಬೆರಳು ಸವೆಸೋಕೆ ಆಗಲ್ಲ ಅಂತ ಇಲ್ಲಿ ಎಲ್ಲರೆದುರೇ ಬರೀತಿದ್ದೀನಿ. ಓದೋರು ಓದಲಿ. ಕಾಣಿಕೆ ತಟ್ಟೆಯ ಕಾಸಿನ ವಿಷಯ ಎತ್ತಲ್ಲ, ಹೆದರಬೇಡ.

‘ಆರಾಧನೆಯೇ ಬದುಕಾಗಬೇಕು ಅಂತಾರಲ್ಲ, ಸೋಮವಾರ ಬೆಳಿಗ್ಗೆ ಅದನ್ನ ಮಾಡೋದು ಹೆಂಗೆ ಮಾರಾಯ?’ ಅಂತ ಕೇಳಿದ್ದೀಯ. ನಿಮ್ಮ ಕಡೆ ಈಗ ವರ್ಷಿಪ್ ಅಂದರೆ ಗಿಟಾರ್ ಜೊತೆ ಕಣ್ಮುಚ್ಚಿ ಹಾಡೋ ಅರ್ಧ ಗಂಟೆ. ಹಾಡಿನ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನ ಶ್ರುತಿ ನಿನಗೆ ಗೊತ್ತೇ ಇದೆ. ಆದರೆ ಬೈಬಲಿನಲ್ಲಿ ಯೇಸುವಿನ ಪ್ರೇಷಿತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ 12ನೇ ಅಧ್ಯಾಯದ ಮೊದಲ ವಚನ ತೆಗೆದು ನೋಡು. ಅವನು ಕೇಳೋದು ದೇಹವನ್ನ, ಜೀವಂತ ಬಲಿಯಾಗಿ, ಬೆನ್ನುನೋವೂ ಸೇರಿ. ಹೀಬ್ರೂವಿನ ‘ಅವೋದಾ’ ಅನ್ನೋ ಒಂದೇ ಪದ ದುಡಿಮೆಗೂ ಸಲ್ಲುತ್ತೆ, ದೇವರ ಸೇವೆಗೂ ಸಲ್ಲುತ್ತೆ.

ಇನ್ನು ವಿಧಾನ. ಎದ್ದ ಕೂಡಲೇ, ಫೋನ್ ಮುಟ್ಟೋ ಮೊದಲು, ಇವತ್ತಿನ ಕೆಲಸ, ಮಾತು, ಕಷ್ಟ ಎಲ್ಲಾ ನಿನಗೆ ಅಂತ ಒಪ್ಪಿಸೋದು. ಅರ್ಧ ನಿಮಿಷ ಸಾಕು. 1844ರಲ್ಲಿ ಫ್ರಾನ್ಸಿನ ವಾಲ್ಸ್ ಊರಲ್ಲಿ, ಪುಸ್ತಕ ಬಿಟ್ಟು ದೂರದೇಶಕ್ಕೆ ಧರ್ಮಪ್ರಚಾರಕ್ಕೆ ಹೊರಡೋ ಆತುರದಲ್ಲಿದ್ದ ಯೇಸುಸಭೆಯ (ಜೆಸ್ವಿಟ್) ವಿದ್ಯಾರ್ಥಿಗಳಿಗೆ ಗೋತ್ರಲೇ ಅನ್ನೋ ಅವರ ಗುರು ಇದನ್ನ ರೂಢಿ ಮಾಡಿಸಿದರು. ನಿಮ್ಮ ಓದೇ ಸದ್ಯಕ್ಕೆ ನಿಮ್ಮ ಸೇವೆ ಅನ್ನೋದು ಅವರ ವಾದ. ಆಮೇಲೆ ತ್ರಿಕಾಲ ಪ್ರಾರ್ಥನೆ: ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6. ಆಗ ಚರ್ಚಿನ ಗಂಟೆ ಬಾರಿಸೋದು ಮೂರು ಮೂರು ಏಟಿನಂತೆ ಮೂರು ಸಲ, ಕೊನೆಗೆ ಒಂಬತ್ತು. ಮರಿಯಮ್ಮನ ಜಪವಾದ ‘ನಮೋ ಮರಿಯ’ ಮೂರು ಸಲ ಹೇಳೋಕೆ ಎರಡು ನಿಮಿಷ ಹಿಡಿಯಲ್ಲ. ಕೈಕೊಡೋದು ಮಧ್ಯಾಹ್ನದ್ದೇ. ಗಂಟೆ ಕೇಳಿಸೋ ದೂರದಲ್ಲಿ ಇರಲ್ಲ, ಫೋನಲ್ಲಿ ಅಲಾರಂ ಇಟ್ಟರೆ ನಾಲ್ಕನೇ ದಿನಕ್ಕೆ ಕೈ ತಾನಾಗಿ ಅದನ್ನ ಆರಿಸುತ್ತೆ. ಅಲಾರಂ ಬಿಡು, ಹೇಗೂ ಮಾಡೋ ಕೆಲಸಕ್ಕೇ ಅದನ್ನ ಗಂಟು ಹಾಕು. ನಮ್ಮ ಕಾಫಿ ತೋಟದಲ್ಲಿ ಆಳುಗಳು ಬುತ್ತಿ ಬಿಚ್ಚೋ ಹೊತ್ತು, ನಿಮ್ಮಲ್ಲಿ ಲಿಫ್ಟಿಗೆ ಕಾಯೋ ಹೊತ್ತು.

ಕಷ್ಟ ಇರೋದು ರಾತ್ರಿಯದರಲ್ಲಿ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಆತ್ಮಶೋಧನೆಗೆ ಐದು ಹಂತ. ಮೊದಲು ಕೃತಜ್ಞತೆ, ಆಮೇಲೆ ಬೆಳಕು ಕೇಳೋದು, ದಿನವನ್ನ ಗಂಟೆಗಂಟೆಯಾಗಿ ತಿರುವಿ ನೋಡೋದು, ಕ್ಷಮೆ, ನಾಳೆಯ ನಿರ್ಧಾರ. ಹಾಸಿಗೆಯಲ್ಲಿ ಮಲಗಿ ಮಾಡಿದರೆ ಎರಡನೇ ಹಂತಕ್ಕೇ ಗೊರಕೆ. ಕೃತಜ್ಞತೆ ಹಾರಿಸಿದರೆ ಅದು ಬರೀ ತಪ್ಪಿನ ಪಟ್ಟಿಯಾಗುತ್ತೆ, ವಾರದಲ್ಲಿ ಬೇಜಾರಾಗಿ ಬಿಟ್ಟುಬಿಡ್ತೀಯ. ಆತ ಇನ್ನೊಂದು ಉಪಾಯವನ್ನೂ ಕೊಟ್ಟಿದ್ದಾನೆ: ಒಂದೇ ಒಂದು ದೋಷ ಆರಿಸಿಕೊಂಡು ದಿನಕ್ಕೆ ಎರಡು ಗೆರೆ ಎಳಿ, ಒಂದು ಮಧ್ಯಾಹ್ನದವರೆಗಿನದು, ಇನ್ನೊಂದು ರಾತ್ರಿಯವರೆಗಿನದು. ಎಡವಿದಷ್ಟು ಸಲ ಗೆರೆ ಮೇಲೆ ಚುಕ್ಕೆ ಇಡು. ನಿನ್ನೆಯ ಚುಕ್ಕೆಗೆ ಇವತ್ತಿನದು ಹೋಲಿಸು.

ನಾನು ಆರಿಸಿಕೊಂಡದ್ದು ಸಿಟ್ಟು. ಸುಲಭದ್ದು ನೋಡು, ಎಲ್ಲರಿಗೂ ಗೊತ್ತಿರೋದೇ. ಬೇರೆ ಪುಸ್ತಕ ಯಾಕೆ ಅಂತ ಬಟವಾಡೆ ಪುಸ್ತಕದ ಅಂಚಲ್ಲೇ ಗೆರೆ ಎಳೆದೆ. ಚುಕ್ಕೆ ಇಡೋಕೆ ಹೋದಾಗಲೆಲ್ಲ ಪಕ್ಕದ ಕಾಲಂ ಕಣ್ಣಿಗೆ ಬೀಳುತ್ತೆ.

ಕಾಫಿ ಹಣ್ಣು ಕೊಯ್ಲಿಗೆ ನಮ್ಮಲ್ಲಿ ಕೂಲಿ ಕೆಜಿ ಲೆಕ್ಕ. ತೂಗುವಾಗ ಚೀಲಕ್ಕೆ ಅಂತ 1 ಕೆಜಿ ಕಳೀತೀವಿ. ಅದು ಅಪ್ಪನ ಕಾಲದ ಲೆಕ್ಕ, ಆಗ ಇದ್ದದ್ದು ದಪ್ಪ ಗೋಣಿಚೀಲ. ಈಗಿರೋದು ಪ್ಲಾಸ್ಟಿಕ್ ಚೀಲ, ಖಾಲಿ ತೂಗಿದರೆ ಸುಮಾರು 100 ಗ್ರಾಂ. ಗೋಣಿ ಹೋಯಿತು, ಕಳೆಯೋದು ಉಳೀತು. ಚೀಲಕ್ಕೆ 900 ಗ್ರಾಂ. ಮೂರು ಚೀಲ ಕೊಯ್ದ ಹೆಂಗಸಿಗೆ 2 ಕೆಜಿ 700. ಹತ್ತು ಆಳಿದ್ದರೆ ದಿನಕ್ಕೆ 27 ಕೆಜಿ ಹಣ್ಣು ಪುಕ್ಕಟೆ. ಜಪಮಾಲೆಯ 53 ‘ನಮೋ ಮರಿಯ’ವನ್ನ ಒಂದೂ ತಪ್ಪದೆ ಎಣಿಸೋ ಬೆರಳು ಕಣೋ ಇದು.

ಸುಳ್ಳು ತಕ್ಕಡಿ ದೇವರಿಗೆ ಅಸಹ್ಯ ಅಂತ ಬೈಬಲಿನ ಜ್ಞಾನೋಕ್ತಿ 11ರ ಮೊದಲ ವಚನವೇ ಹೇಳುತ್ತೆ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಂತೂ ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತೆ, ಅದೂ ಕೊಯ್ಲಿನ ಆಳುಗಳ ಕೂಲಿ. ಭಾನುವಾರ ಕಾಣಿಕೆ ಹೊತ್ತಲ್ಲಿ ಗುರುಗಳು ರೊಟ್ಟಿ ಎತ್ತಿ, ಇದು ಭೂಮಿಯ ಫಲ, ಮನುಷ್ಯರ ದುಡಿಮೆಯ ಫಲ ಅಂದಾಗ ನಾನು ನೆಲ ನೋಡ್ತೀನಿ. ನಮ್ಮ ಚರ್ಚುಗಳೆಲ್ಲ ಸೇರೋ ಚಿಕ್ಕಮಗಳೂರು ಧರ್ಮಕ್ಷೇತ್ರ (ಡಯಾಸಿಸ್) ಹುಟ್ಟಿದ 1963ರಲ್ಲೇ ವ್ಯಾಟಿಕನ್ ಮಹಾಸಭೆ ಪೂಜೆಗೆ ಜನರ ಭಾಷೆ ಬರೋ ದಾರಿ ತೆರೆದದ್ದು. ಲ್ಯಾಟಿನ್ನೇ ಇದ್ದಿದ್ದರೆ ಅರ್ಥವಾಗಲಿಲ್ಲ ಅಂದುಬಿಡಬಹುದಿತ್ತು.

ಗೊತ್ತಿಲ್ಲದೆ ಅಲ್ಲ ಅಂತೋಣಿ. ಮೂರು ಕೊಯ್ಲಿಂದ ಗೊತ್ತಿತ್ತು.

ಸಾಕು. ಇದೇನು ಪಾಪನಿವೇದನೆಯ ಪೆಟ್ಟಿಗೆಯಲ್ಲ, ಲೈಕ್ ಒತ್ತೋರು ಕೊಡೋ ಪ್ರಾಯಶ್ಚಿತ್ತ ನನಗೆ ಬೇಕಿಲ್ಲ. ಬೈಬಲಿನ ಸುಂಕದವನು ಜಕ್ಕಾಯನ ಹಾಗೆ ನಾಲ್ಕು ಪಟ್ಟು ವಾಪಸ್ ಕೊಡ್ತೀಯಾ ಅಂತಲೂ ಕೇಳಬೇಡ, ಅವನಿಗೆ ಕಾಫಿ ತೋಟ ಇರಲಿಲ್ಲ. ನಮ್ಮ ಭಕ್ತಿಯೂ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಹಾಗೇ ತಾನೇ, ಈಸ್ಟರಿಗೆ ಮುಂಚಿನ ತಪಸ್ಸುಕಾಲಕ್ಕೆ ಮೇಲೆ ಕಾಣುತ್ತೆ, ಮಳೆಗಾಲಕ್ಕೆ ಮತ್ತೆ ಮುಳುಗುತ್ತೆ. ಜನ ಫೋಟೋ ತೆಗೆಯೋಕೆ ಬರೋದಂತೂ ತಪ್ಪಲ್ಲ.

ಸದ್ಯಕ್ಕೆ ಮಾಡಿರೋದಿಷ್ಟು: ಖಾಲಿ ಚೀಲವನ್ನ ಮೊದಲು ತೂಕದ ಮೆಷಿನ್ನಿನ ಕೊಕ್ಕೆಗೆ ಹಾಕಿ ಟೇರ್ ಗುಂಡಿ ಒತ್ತಿದರೆ ಸೊನ್ನೆಗೆ ಬರುತ್ತೆ, ಆಮೇಲೆ ಹಣ್ಣು ತೂಗಿದರೆ ಕಳೆಯೋ ಮಾತೇ ಇಲ್ಲ. ನಂಬರು ಕೊಯ್ದವರ ಕಡೆ ತಿರುಗಿರಬೇಕು, ನನ್ನ ಕಡೆಯಲ್ಲ. ಹಳೇ ಬಾಕಿಯ ಲೆಕ್ಕ ಹಾಕೋಕೆ ಕೂತರೆ ಮಾತ್ರ ಯಾಕೋ ಕ್ಯಾಲ್ಕುಲೇಟರ್ ಸಿಗ್ತಿಲ್ಲ.

ಹಬ್ಬಕ್ಕೆ ಬರ್ತೀಯಲ್ಲ, ಮೆಷಿನ್ನಿಗೆ ನಾಲ್ಕು ಬ್ಯಾಟರಿ ತಗೊಂಡು ಬಾ. ಈ ಸಲವಾದರೂ ಪೂಜೆಯಲ್ಲಿ ಗುರುಗಳ ಪ್ರಸಂಗ ಮುಗಿಯೋ ಮೊದಲು ಒಳಗೆ ಬಾ.

ನಿನ್ನ,
ಒಂಬತ್ತನೇ ಗಂಟೆ