ಸ್ಪಿರಿಟ್ ಸಿಂಪಡಿಸಿ ಹಾಳು ಮಾಡಿದ ಏರ್ ಪ್ಯೂರಿಫೈಯರ್ ಫಿಲ್ಟರ್ ಬದಲಿಸಿಕೊಡುವ ಬಗ್ಗೆ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಮೈಸೂರು ಶಾಖೆ

ಮಾನ್ಯರೇ,

ನಾವು ಮಂಡ್ಯ ತಾಲ್ಲೂಕಿನವರು. ಮನೆಯ ಹಿಂದೆಯೇ ಆಲೆಮನೆ. ಒಲೆಗೆ ಕಬ್ಬಿನ ರಚ್ಚು ಬಿದ್ದಾಗಲೆಲ್ಲ ಹೊಗೆ ನಮ್ಮ ಹಜಾರಕ್ಕೇ ನುಗ್ಗುತ್ತದೆ. ಉಬ್ಬಸವಿರುವ ಅತ್ತೆಯವರಿಗಾಗಿ ನಿಮ್ಮ ಯಂತ್ರ ಕೊಂಡೆವು.

ವಾರ್ಷಿಕ ಸರ್ವಿಸ್‌ಗೆ ಬಂದ ನಿಮ್ಮ ತಂತ್ರಜ್ಞರು ಹೊರಗಿನ ಬಲೆಯನ್ನು ತೊಳೆದರು. ಅದು ಸರಿ. ಆಮೇಲೆ ಒಳಗಿನ ಬಿಳಿ ಫಿಲ್ಟರಿಗೂ ಐಸೊಪ್ರೊಪೈಲ್ ಆಲ್ಕೊಹಾಲನ್ನು ಒಂದೊಂದು ನೆರಿಗೆಯೂ ತೋಯುವಷ್ಟು ಸಿಂಪಡಿಸಿದರು. ಪುಸ್ತಿಕೆಯಲ್ಲಿ ತೊಳೆಯಬಾರದೆಂದಿದೆ ಎಂದೆ. "ಅದು ನೀರಿಗೆ ಹೇಳಿದ್ದು ಮೇಡಂ, ಸ್ಪಿರಿಟ್ ಹಾರಿಹೋಗುತ್ತದೆ" ಎಂದರು. ಹಾರಿಹೋಯಿತು ನಿಜ, ಫಿಲ್ಟರಿನ ಸತ್ವವೂ ಅದರೊಂದಿಗೇ ಹೋಯಿತು.

ಅದು ಬರೀ ಜರಡಿಯಲ್ಲ. ನಿಮ್ಮ ಪುಸ್ತಿಕೆಯೇ ಹೇಳುವಂತೆ, ಅದರ ಪಾಲಿಪ್ರೊಪಿಲೀನ್ ಎಳೆಗಳಿಗೆ ತಯಾರಿಸುವಾಗಲೇ ಸ್ಥಿರ ವಿದ್ಯುತ್ ತುಂಬಿರುತ್ತಾರೆ. ಎಳೆಗಳ ಸಂದಿಗಿಂತ ಎಷ್ಟೋ ಚಿಕ್ಕದಾದ ಹೊಗೆಯ ಕಣ ಸಿಕ್ಕಿಬೀಳುವುದು ಆ ಸೆಳೆತಕ್ಕೆ. ಬರೀ ನೀರು ಈ ಎಳೆಗಳಿಗೆ ಅಷ್ಟಾಗಿ ಹತ್ತುವುದಿಲ್ಲ. ಆಲ್ಕೊಹಾಲ್, ಸಾಬೂನಿನ ದ್ರಾವಣಗಳು ಹತ್ತುತ್ತವೆ, ಸೆಳೆತವನ್ನು ಅಳಿಸುತ್ತವೆ. ಒಣಗಿದ ಮಾತ್ರಕ್ಕೆ ಅದು ಮರಳುವುದಿಲ್ಲ. ಫಿಲ್ಟರ್ ಪರೀಕ್ಷೆಯ ಐಎಸ್‌ಒ 16890 ಮಾನದಂಡದಲ್ಲಿ, ವಿದ್ಯುದಂಶ ಕಳೆದರೆ ಫಿಲ್ಟರ್ ಎಷ್ಟು ಕೆಲಸ ಮಾಡೀತು ಎಂದು ನೋಡಲು ಇದೇ ಆಲ್ಕೊಹಾಲಿನ ಆವಿ ಹಿಡಿಯುತ್ತಾರೆ. ಪ್ರಯೋಗಾಲಯದವರು ಫಿಲ್ಟರನ್ನು ಬೇಕೆಂದೇ ಕೆಡಿಸುವ ವಿಧಾನವನ್ನು ನಿಮ್ಮವರು ನಮ್ಮ ಮನೆಯಲ್ಲಿ ಸೇವೆಯೆಂದು ನಡೆಸಿ, ರಸೀದಿಯನ್ನೂ ಹರಿದುಕೊಟ್ಟಿದ್ದಾರೆ!

ಲೋಹದ ತಟ್ಟೆಗಳಿರುವ ಮಾದರಿಯ ಮಾತು ಬೇರೆ. ಅವಕ್ಕೆ ಯಂತ್ರವೇ ವಿದ್ಯುತ್ ಊಡುವುದರಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಬಹುದು. ತಂತ್ರಜ್ಞರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಟ್ಟಂತಿಲ್ಲ. ತಪ್ಪು ಆ ಹುಡುಗನಿಗಿಂತ ನಿಮ್ಮದು.

ಫೋನ್ ಮಾಡಿದರೆ "ಗಾಳಿ ಚೆನ್ನಾಗಿ ಬರುತ್ತಿದೆಯಲ್ಲ?" ಎಂಬ ಉತ್ತರ. ಎಳೆ ಹರಿದಿಲ್ಲ, ಸಂದಿ ಕಟ್ಟಿಲ್ಲ, ಗಾಳಿ ಬಾರದೆ ಏನು? ಮೊದಲೆಲ್ಲ ಊದುಬತ್ತಿ ಹಚ್ಚಿದಾಗ ಏರಿದ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳ) ಅಂಕಿ ಪೂಜೆ ಮುಗಿಯುವ ಹೊತ್ತಿಗೆ ಇಳಿಯುತ್ತಿತ್ತು. ಈಗ ಊಟವಾಗಿ ಪಾತ್ರೆ ತೊಳೆದಿಟ್ಟರೂ ಕೆಂಪು ದೀಪ ಹಾಗೇ ಇರುತ್ತದೆ. ಅತ್ತೆಯವರು ರಾತ್ರಿ ಮತ್ತೆ ಎದ್ದು ಕೂರುತ್ತಿದ್ದಾರೆ.

ಹೊಸ ಫಿಲ್ಟರನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ, ಸರ್ವಿಸ್ ಶುಲ್ಕವನ್ನು ಹಿಂದಿರುಗಿಸಿ. ರಿಯಾಯಿತಿ ಕೂಪನ್ ಬೇಡ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಹಳೆಯ ಫಿಲ್ಟರನ್ನು ಅಲ್ಲಿಯವರೆಗೆ ಯಾರಿಗೂ ಕೊಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ

ಅಡಕ: ಖರೀದಿ ಬಿಲ್ಲು, ಸರ್ವಿಸ್ ರಸೀದಿ, ಪುಸ್ತಿಕೆಯ ಸಂಬಂಧಪಟ್ಟ ಪುಟದ ಪ್ರತಿ