ಹಂಪ್ ಹಾಕಿಸಿದಿರಿ, ಬಣ್ಣ ಯಾವಾಗ ಸಾಹೇಬರೇ?

ನಮ್ಮ ವಾರ್ಡಿನ ಕಾರ್ಪೊರೇಟರ್ ಸಾಹೇಬರಿಗೆ ನಮಸ್ಕಾರ.

ಓಣಿಯ ತಿರುವಿನಲ್ಲಿ ನೀವು ಹಾಕಿಸಿಕೊಟ್ಟ ಹಂಪ್ ಬಗ್ಗೆ ಈ ಪತ್ರ. ಶಾಲೆ ಬಿಡುವ ಹೊತ್ತಿಗೆ ಹುಡುಗರು ಬೈಕ್ ಹಾರಿಸುತ್ತಿದ್ದರು, ಅದಕ್ಕೆ ಓಣಿಯವರು ನಿಮ್ಮ ಹತ್ತಿರ ಬಂದು ಕೇಳಿದ್ದು. ನೀವು ಬೇಗ ಮಾಡಿಸಿದಿರಿ, ಉಪಕಾರ. ಆದರೆ ಕೆಲಸಕ್ಕೆ ಬಂದವರು ಒಂದಿಷ್ಟು ಡಾಂಬರು ಒಟ್ಟಿ ಹೋಗಿಬಿಟ್ಟರು. ಮೊಳ ಅಗಲ, ಗೇಣು ಎತ್ತರ. ಬಿಳಿ ಪಟ್ಟೆ ಇಲ್ಲ, ಬೋರ್ಡ್ ಇಲ್ಲ. ಪಕ್ಕದ ಕಂಬದ ಲೈಟೂ ಕೆಟ್ಟಿದೆ. ಸಂಜೆ 7ರ ಮೇಲೆ ರಸ್ತೆ ಯಾವುದು, ಹಂಪ್ ಯಾವುದು ಅಂತ ಹತ್ತಿರ ಬಂದ ಮೇಲೇ ಗೊತ್ತಾಗುವುದು.

ಹಂಪ್ ಹೇಗಿರಬೇಕು ಅನ್ನುವುದಕ್ಕೆ ರಸ್ತೆ ಕೆಲಸದ ಮಾನದಂಡ ಹಾಕಿಕೊಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಅಳತೆ ಕೊಟ್ಟಿದೆ. ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್. ಅಷ್ಟು ಅಗಲವಿದ್ದರೆ 25 ಕಿ.ಮೀ. ವೇಗದಲ್ಲಿ ಬಂದವರು ಆರಾಮಾಗಿ ಹತ್ತಿ ಇಳಿಯುತ್ತಾರೆ, ಜೋರಾಗಿ ಬಂದವನಿಗೆ ಮಾತ್ರ ಪೆಟ್ಟು. ನಮ್ಮದು ಉಲ್ಟಾ. ದೊಡ್ಡ ಬೈಕಿನವನು ಹಾರಿಸಿಕೊಂಡು ಹೋಗುತ್ತಾನೆ, ನಿಧಾನ ಬರುವ ಸ್ಕೂಟಿಯವರೇ ಬೀಳುತ್ತಾರೆ.

ಯಾಕೆ ಅಂದರೆ ಸ್ಕೂಟಿಯ ಗಾಲಿ ಸಣ್ಣದು. 10 ಇಲ್ಲವೇ 12 ಇಂಚು. ಬೈಕಿನದು ಸಾಮಾನ್ಯವಾಗಿ 17, 18 ಇಂಚು. ಬೈಕು ಮೇಲಿಂದ ದಾಟಿಹೋಗುವ ತಗ್ಗಿನೊಳಗೆ ಸ್ಕೂಟಿಯ ಗಾಲಿ ಇಳಿದೇಬಿಡುತ್ತದೆ. ಇನ್ನು ನಮ್ಮ ಕಡೆ ಸ್ಕೂಟಿ ಮೇಲೆ ಕೂರುವ ರೀತಿ ನಿಮಗೆ ಗೊತ್ತೇ ಇದೆ. ಕಾಲಿಡುವಲ್ಲಿ ಕಾಯಿಪಲ್ಲೆ ಚೀಲ, ಅದರ ಹಿಂದೆ ಹ್ಯಾಂಡಲ್ ಹಿಡಿದು ನಿಂತ ಮಗು, ಹಿಂದಿನ ಸೀಟಿನಲ್ಲಿ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತ ಅವ್ವ. ಇಂಥ ಹಂಪ್ ಮೇಲೆ ಮುಂದಿನ ಗಾಲಿ ಹೇಗೋ ಹತ್ತಿಳಿಯುತ್ತದೆ. ಹಿಂದಿನ ಗಾಲಿ ಹತ್ತಿದಾಗ ಅವ್ವ ಸೀಟಿನಿಂದ ಮೇಲೇಳುತ್ತಾರೆ. ಓಡಿಸುವವರ ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಅವ್ವನ ಕೈಯಲ್ಲಿ ಏನಿರುತ್ತದೆ? ಬಿದ್ದರೆ ಹಿಂದಕ್ಕೇ ಬೀಳುವುದು, ತಲೆಯೇ ಮೊದಲು ನೆಲಕ್ಕೆ ತಾಗುವುದು.

ಒಳಚರಂಡಿಯ ಚೇಂಬರ್ ಮುಚ್ಚಳದ ಕಥೆಯೂ ಇದೇ. ಪ್ರತಿ ಸಲ ಮೇಲೆ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಮುಚ್ಚಳ ಇದ್ದಲ್ಲೇ ಇರುತ್ತದೆ. ಪೈಪಿಗೆಂದು ಅಗೆದಲ್ಲಿ ಎರಿ ಮಣ್ಣು ತುಂಬಿ ಮುಚ್ಚುತ್ತಾರೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅದರ ಮೇಲಿನ ಡಾಂಬರು ಎಷ್ಟು ದಿನ ನಿಂತೀತು? ಅಡ್ಡಮಳೆ ಬಿದ್ದ ದಿನ ಟಿಪ್ಪರ್ ಗಾಲಿಗೆ ಅಂಟಿಬಂದ ಅದೇ ಮಣ್ಣು ರಸ್ತೆಗೆಲ್ಲ ಬೆಣ್ಣೆ ಸವರಿದ ಹಾಗೆ ಹರಡಿರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದು ನೋಡಿ. 2019ರಿಂದ ಈಚೆಗೆ ಬಂದ 125 ಸಿಸಿವರೆಗಿನ ಸ್ಕೂಟರ್‌ಗಳಲ್ಲಿ ಎರಡೂ ಗಾಲಿಗೆ ಒಟ್ಟಿಗೆ ಬ್ರೇಕ್ ಬೀಳುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ಹಳೇ ಗಾಡಿಯವರ ಪಾಡು ಕೇಳಬೇಡಿ.

ಜನರದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ. ಊರ ನಡುವಿನ ಚೆನ್ನಮ್ಮ ಸರ್ಕಲ್ ಕಡೆ ಹೊರಟರೆ ಹೆಲ್ಮೆಟ್ ತಲೆ ಮೇಲೆ, ಓಣಿಯೊಳಗೆ ಅದೇ ಹೆಲ್ಮೆಟ್ ಕನ್ನಡಿಗೆ ನೇತುಬಿದ್ದಿರುತ್ತದೆ. ಕೇಳಿದರೆ "ಇಲ್ಲೇ ಹೋಗಿ ಬರ್ತೇನ್ರೀ" ಅನ್ನುತ್ತಾರೆ. 4 ವರ್ಷ ದಾಟಿದ ಎಲ್ಲರಿಗೂ, ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತು ಇರಬೇಕು, ಪಟ್ಟಿ ಬಿಗಿದಿರಬೇಕು. ದಂಡ ತಪ್ಪಿಸಿಕೊಳ್ಳಲು ಕೊಂಡ ಅರ್ಧ ಟೋಪಿ ಯಾವ ಕೆಲಸಕ್ಕೂ ಬಾರದು.

ಆದರೆ ಇದರಲ್ಲಿ ನಿಮ್ಮ ಪಾಲೂ ಇದೆ, ಸಾಹೇಬರೇ. ಚುನಾವಣೆ ಬಂದಾಗ ನಿಮ್ಮ ಬೈಕ್ ರ‍್ಯಾಲಿಯಲ್ಲಿ ಒಂದು ಗಾಡಿಗೆ ಮೂವರು, ಕೈಯಲ್ಲಿ ಬಾವುಟ, ತಲೆ ಮೇಲೆ ಬರೀ ಪೇಟ. ನಿಮ್ಮ ಎದುರಾಳಿಯ ರ‍್ಯಾಲಿಯೂ ಬೇರೆ ಇರಲಿಲ್ಲ, ಅದನ್ನೂ ನೋಡಿದ್ದೇವೆ. ಮರುದಿನ ನಿಮ್ಮ ಹುಡುಗರಲ್ಲೇ ಒಬ್ಬನನ್ನು ಪೊಲೀಸರು ಹಿಡಿದರೆ "ತಡೀರಿ, ಸಾಹೇಬ್ರಿಗೆ ಫೋನ್ ಹಚ್ತೇನಿ" ಅನ್ನುತ್ತಾನೆ. ಆ ಫೋನ್ ಎತ್ತಬೇಡಿ. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 500 ರೂಪಾಯಿ, ಕಟ್ಟಲಿ ಬಿಡಿ. ಟ್ಯೂಷನ್‌ಗೆ ಸ್ಕೂಟಿ ಓಡಿಸಿಕೊಂಡು ಹೋಗುವ ಒಂಬತ್ತನೇ ಕ್ಲಾಸಿನ ಮಕ್ಕಳ ಅಪ್ಪಂದಿರೂ ನಿಮಗೆ ಫೋನ್ ಮಾಡುತ್ತಾರಂತೆ. ಅವರಿಗೆ ಒಂದು ಮಾತು ಹೇಳಿ: ಮಗನ ಕೈಗೆ ಗಾಡಿ ಕೊಟ್ಟರೆ ಕಾನೂನಿನಲ್ಲಿ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಅದೂ ಅಪ್ಪನಿಗೆ.

ಈಗ ಕೆಲಸದ ಮಾತು. ಹಂಪ್ ಒಡೆದು ಸರಿಯಾಗಿ ಕಟ್ಟಲು ಟೆಂಡರು, ಬಿಲ್ಲು ಅಂತ ಸಮಯ ಹಿಡಿಯುತ್ತದೆ, ಗೊತ್ತು. ಬಣ್ಣಕ್ಕೆ ಅಷ್ಟೆಲ್ಲ ಬೇಡ ಅಲ್ವಾ? ಈ ವಾರವೇ ಬಿಳಿ ಪಟ್ಟೆ ಹೊಡೆಸಿ, ಕಂಬದ ಲೈಟು ಹಾಕಿಸಿ. ಆಮೇಲೆ ಪಾಲಿಕೆಯ ಎಂಜಿನಿಯರ್ ಒಬ್ಬರನ್ನು ಕರೆತಂದು ವಾರ್ಡಿನ ಎಲ್ಲ ಹಂಪ್, ಎಲ್ಲ ಚೇಂಬರ್ ಅಳೆಸಿ ಪಟ್ಟಿ ಮಾಡಿಸಿ. ಅಳೆಯುವ ದಿನ ಮುಂಚೆಯೇ ಹೇಳಿ ಕಳಿಸಿ. ಟೇಪ್ ಹಿಡಿಯಲು ಓಣಿಯಿಂದ ಇಬ್ಬರು ಬರುತ್ತೇವೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಸ್ಕೂಟಿ ಸವಾರಳು,
ಹುಬ್ಬಳ್ಳಿ