ಬೀದಿ ಸಂಘಕ್ಕೆ ಕೊಡಿ, ಲೆಕ್ಕ ನಮಗೂ ಕೊಡಿ

ಮಾನ್ಯ ಸಂಪಾದಕರೇ,

ಅಂಗಡಿ ಬೀದಿಗಳ ನಿರ್ವಹಣೆಯನ್ನು ವರ್ತಕರ ಸಂಘಗಳಿಗೇ ವಹಿಸಿಬಿಡಿ ಅನ್ನುವ ಮಾತು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ನನ್ನ ತಕರಾರಿಲ್ಲ. ಪಾಲಿಕೆಯ ಗಾಡಿಗೆ ಕಾಯುತ್ತಾ ಕೂರುವ ಬದಲು ಬೀದಿಯವರೇ ದುಡ್ಡು ಹಾಕಿ ಗುಡಿಸಿಸಿದರೆ ಒಳ್ಳೆಯದೇ ಅಲ್ವಾ? ಆದರೆ ಆ ದುಡ್ಡಿನ ಲೆಕ್ಕ ಯಾರು ನೋಡುತ್ತಾರೆ?

ನಾನು ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವನು. ನಮ್ಮ ಬೀದಿಯ ಸಂಘ ಕಾವಲಿಗೆ, ಕಸಕ್ಕೆ ಅಂತ ಪ್ರತಿ ತಿಂಗಳು ಹಣ ವಸೂಲಿ ಮಾಡುತ್ತದೆ. ರಸೀದಿಯಲ್ಲಿ ಇರುವುದು ಒಂದು ಮೊತ್ತ, ಗೀಚಿದ ಸಹಿ, ‘ನಿರ್ವಹಣೆ’ ಅನ್ನುವ ಒಂದೇ ಪದ. ಖರ್ಚು ಏನಾಯಿತು ಅಂತ ಕೇಳಿದರೆ, ‘ನೀವು ಸದಸ್ಯರಲ್ವಲ್ಲ’ ಅನ್ನುತ್ತಾರೆ. ಸದಸ್ಯತ್ವ ಕಟ್ಟಡದ ಮಾಲೀಕರಿಗೆ ಮಾತ್ರವಂತೆ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು, ಆದರೆ ತಿಂಗಳು ತಿಂಗಳು ದುಡ್ಡು ಕೊಟ್ಟೂ ಸದಸ್ಯರಲ್ಲದ ನಮ್ಮಂಥವರಿಗೆ ಆ ದಾರಿಯೂ ಇಲ್ಲ.

ಬೀದಿ ನಿರ್ವಹಣೆಯನ್ನು ಸಂಘಕ್ಕೆ ವಹಿಸುವ ಈ ಪದ್ಧತಿ 1970ರಲ್ಲಿ ಶುರುವಾಗಿದ್ದು ಕೆನಡಾದ ಟೊರಾಂಟೊದಲ್ಲಿ, ಬ್ಲೂರ್ ವೆಸ್ಟ್ ವಿಲೇಜ್ ಎಂಬ ಅಂಗಡಿ ಬೀದಿಯಲ್ಲಿ. ಅಲ್ಲಿ ಬಾಡಿಗೆ ಅಂಗಡಿಯವರೂ ಸದಸ್ಯರೇ. ಸಂಘದ ಬಜೆಟ್‌ಗೆ ನಗರಸಭೆಯ ಒಪ್ಪಿಗೆ ಬೇಕು, ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ನ್ಯೂಯಾರ್ಕ್‌ನ ಇಂಥ ಸಂಸ್ಥೆಗಳಲ್ಲಿ ಕಟ್ಟಡದ ಮಾಲೀಕರದ್ದೇ ಬಹುಮತ, ಆದರೂ ಬಾಡಿಗೆದಾರರಿಗೆ, ನಿವಾಸಿಗಳಿಗೆ, ಮೇಯರ್ ಕಡೆಯವರಿಗೆ, ಆ ಭಾಗದ ಕೌನ್ಸಿಲ್ ಸದಸ್ಯರಿಗೆ ಮಂಡಳಿಯಲ್ಲಿ ಜಾಗ ಇರುತ್ತದೆ. ಹಾಗಿದ್ದೂ ಅಲ್ಲಿ ಎಡವಟ್ಟು ಆಗಿದೆ. 1990ರ ದಶಕದಲ್ಲಿ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಸುತ್ತಲಿನ ಇಂಥದ್ದೇ ಸಂಸ್ಥೆಯ ಕೆಲಸಗಾರರು ಮನೆಯಿಲ್ಲದ ಬಡವರನ್ನು ಹೊಡೆದು ಓಡಿಸಿದರು ಅಂತ ದೊಡ್ಡ ಆರೋಪ ಬಂತು. ನಮ್ಮಲ್ಲಿ ಹೂವು, ತರಕಾರಿ ಮಾರುವವರ ಮೇಲೆ ಅದೇ ಅಧಿಕಾರ ಸಂಘಕ್ಕೆ ಸಿಕ್ಕರೆ ಏನಾಗಬಹುದು ಅಂತ ಯೋಚಿಸಿದರೆ ಭಯವಾಗುತ್ತದೆ. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ, ದೂರು ಹೇಳಿಕೊಳ್ಳೋದು ಯಾರ ಹತ್ತಿರ?

ದಾರಿ ಇಲ್ಲ ಅಂತಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಹೇಳಿರುವ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜಾಗ ಬೀದಿ ವ್ಯಾಪಾರಿಗಳಿಗೇ ಇದೆ, ಆ ಪ್ರತಿನಿಧಿಗಳನ್ನು ಬೀದಿ ವ್ಯಾಪಾರಿಗಳೇ ಆರಿಸುತ್ತಾರೆ. ಬೀದಿ ನಿರ್ವಹಣೆಗೂ ಇಂಥದ್ದೇ ಸಮಿತಿ ಬರಲಿ. ಯಾವ ಬೀದಿಯನ್ನು ಯಾವ ಸಂಘಕ್ಕೆ ಕೊಟ್ಟರೂ ದುಡ್ಡು ಕೊಡುವ ಪ್ರತಿಯೊಬ್ಬರಿಗೂ ಮತ ಇರಲಿ, ಖರ್ಚಿನ ಪಟ್ಟಿಯನ್ನು ಬೀದಿಯಲ್ಲೇ ಬೋರ್ಡ್ ಹಾಕಿ ತೋರಿಸಲಿ, ಲೆಕ್ಕ ಕೊಡದಿದ್ದರೆ ಒಪ್ಪಂದ ರದ್ದಾಗಲಿ. ಈ ಷರತ್ತುಗಳನ್ನು ಸಹಿ ಹಾಕುವ ಮೊದಲೇ ಬರೆದಿಡಿ ಅಂತ ಅಧಿಕಾರಿಗಳಲ್ಲಿ ನನ್ನ ಮನವಿ.

– ಒಬ್ಬ ಬಾಡಿಗೆ ಅಂಗಡಿಯವ, ಬೆಂಗಳೂರು